ಲಕ್ಷಣದಿಂದ ಜೀವಕೋಶದವರೆಗೆ: ನರ್ಸಿಂಗ್ ವಿದ್ಯಾರ್ಥಿಗಳು ಪ್ಯಾಥೋಫಿಸಿಯಾಲಜಿ ಓದುವ ದಾರಿ

ಬಿ.ಎಸ್ಸಿ. ನರ್ಸಿಂಗ್‌ನ ಮೂರನೇ ಸೆಮಿಸ್ಟರ್‌ನಲ್ಲಿ ಪ್ಯಾಥಾಲಜಿ, ಅಂದರೆ ರೋಗಗಳ ಅಧ್ಯಯನ, ಶುರುವಾಗುತ್ತದೆ. ಅನಾಟಮಿ, ಫಿಸಿಯಾಲಜಿಯಲ್ಲಿ ಚೆನ್ನಾಗಿ ಮಾಡಿದವರೂ ಇಲ್ಲಿ ತಡವರಿಸುವುದುಂಟು. ಹೈಪರ್‌ಟ್ರೋಫಿ, ಮೆಟಾಪ್ಲೇಸಿಯಾ, ಪಿಕ್ನೋಸಿಸ್, ಕೇರಿಯೋಲೈಸಿಸ್ ಅಂತ ಹೆಸರುಗಳ ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೆಸರೂ ಮರೆಯುತ್ತದೆ, ವಿಷಯವೂ ಮರೆಯುತ್ತದೆ. ಆಮೇಲೆ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ "ಈ ರೋಗಿಗೆ ಪೊಟ್ಯಾಸಿಯಂ ಯಾಕೆ ಏರಿದೆ?" ಅಂತ ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ.

ಇದನ್ನು ಇನ್ನೊಂದು ಕಡೆಯಿಂದ ಓದಬಹುದು. ಮಂಚದ ಪಕ್ಕ ನಿಂತಾಗ ನಿಮಗೆ ಕಾಣುವ ನೋವು, ಊತ, ಜ್ವರ, ಬೆವರು, ಲ್ಯಾಬ್ ರಿಪೋರ್ಟಿನ ಏರುಪೇರು, ಎಲ್ಲದರ ಹಿಂದೆಯೂ ಎಲ್ಲೋ ಕೆಲವು ಜೀವಕೋಶಗಳು ಕಷ್ಟದಲ್ಲಿರುತ್ತವೆ. ರೋಗದ ಮೂಲವನ್ನು ಜೀವಕೋಶದಲ್ಲೇ ಹುಡುಕಬೇಕು ಎಂದು ಜರ್ಮನಿಯ ವೈದ್ಯ ರುಡಾಲ್ಫ್ ಫಿರ್ಕೋ 1858ರಲ್ಲೇ ಗಟ್ಟಿಯಾಗಿ ಹೇಳಿದ್ದರು. ನೀವು ಮಾಡಬೇಕಾದ್ದು ಅದೇ. ಲಕ್ಷಣವನ್ನು ಹಿಡಿದುಕೊಂಡು ಹಿಂದಕ್ಕೆ ಹೋಗಿ, ಕಷ್ಟದಲ್ಲಿರುವ ಆ ಜೀವಕೋಶವನ್ನು ಕಂಡುಹಿಡಿಯುವುದು. ಅದಕ್ಕೆ ಕೆಲವು ಹೆಜ್ಜೆಗಳು ಇಲ್ಲಿವೆ.

ಹೆಜ್ಜೆ 1: ಯಾವ ಕೇಸ್ ಬಂದರೂ ನಾಲ್ಕು ಪ್ರಶ್ನೆ ಕೇಳಿ

ಯಾಕೆ ಬಂತು? ಒಳಗೆ ಏನೇನು ನಡೆಯಿತು? ಅಂಗದಲ್ಲಿ ಏನು ಬದಲಾಯಿತು? ರೋಗಿಯಲ್ಲಿ ಏನು ಕಾಣಿಸಿತು? ಪುಸ್ತಕದಲ್ಲಿ ಎಟಿಯಾಲಜಿ, ಪ್ಯಾಥೋಜೆನೆಸಿಸ್, ಮಾರ್ಫಾಲಜಿ, ಕ್ಲಿನಿಕಲ್ ಮ್ಯಾನಿಫೆಸ್ಟೇಷನ್ ಎಂದು ಓದುವುದು ಇವನ್ನೇ.

ನಮ್ಮ ಕಡೆಯದೇ ಒಂದು ಕೇಸ್ ತೆಗೆದುಕೊಳ್ಳಿ. ಗದ್ದೆಯಲ್ಲಿ ಕೆಲಸ ಮಾಡುವಾಗ ಕೊಳಕುಮಂಡಲ ಹಾವು ಕಚ್ಚಿದ ರೋಗಿ ಬಂದಿದ್ದಾರೆ. ಯಾಕೆ ಎಂಬುದಕ್ಕೆ ಉತ್ತರ ವಿಷ. ಒಳಗೆ ನಡೆದದ್ದು ಏನೆಂದರೆ, ಆ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಒಂದೇ ಸಮನೆ ಕೆಣಕಿ ಖಾಲಿ ಮಾಡುತ್ತದೆ. ಸಣ್ಣ ರಕ್ತನಾಳಗಳಲ್ಲಿ ಚಿಕ್ಕ ಚಿಕ್ಕ ಹೆಪ್ಪುಗಳು ಕೂರುತ್ತವೆ, ಕಿಡ್ನಿಗೆ ರಕ್ತ ಸಾಲುವುದಿಲ್ಲ. ಬದಲಾದದ್ದು ಕಿಡ್ನಿಯ ನಳಿಕೆಗಳು, ಅಲ್ಲಿನ ಜೀವಕೋಶಗಳು ಸಾಯುತ್ತವೆ. ಕಾಣಿಸುವುದು ಒಸಡಿನಲ್ಲಿ ರಕ್ತ, ಕಚ್ಚಿದ ಜಾಗದಲ್ಲಿ ಊತ, ಕಡಿಮೆಯಾಗುತ್ತಾ ಹೋಗುವ ಮೂತ್ರ.

ಎರಡನೇ ಪ್ರಶ್ನೆಯ ಉತ್ತರ ಗೊತ್ತಿದ್ದರೆ ನಿಮ್ಮ ಕೆಲಸಗಳಿಗೆ ತಾವಾಗಿಯೇ ಅರ್ಥ ಬರುತ್ತದೆ. ಗಾಜಿನ ಟ್ಯೂಬಿನಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವುದು ಯಾಕೆ, ಗಂಟೆಗೊಮ್ಮೆ ಮೂತ್ರ ಅಳೆಯುವುದು ಯಾಕೆ, ಸ್ನಾಯುವಿಗೆ ಇಂಜೆಕ್ಷನ್ ಕೊಡಬಾರದು ಎನ್ನುವುದು ಯಾಕೆ, ಮೂರಕ್ಕೂ ಉತ್ತರ ಅಲ್ಲೇ ಇದೆ.

ಹೆಜ್ಜೆ 2: ಆರೋಗ್ಯವಾಗಿರುವ ಜೀವಕೋಶದ ನಾಲ್ಕು ಅಂಕಿಗಳನ್ನು ನೆನಪಿಡಿ

ಕೆಟ್ಟದ್ದು ಏನು ಎಂದು ತಿಳಿಯಲು ಸರಿಯಾದದ್ದು ಏನು ಎಂದು ಗೊತ್ತಿರಬೇಕು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಈಕ್ವಿವಲೆಂಟ್, ಪೊಟ್ಯಾಸಿಯಂ ಸುಮಾರು 3.5ರಿಂದ 5. ಜೀವಕೋಶದ ಒಳಗೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಪೊಟ್ಯಾಸಿಯಂ ಸುಮಾರು 140, ಸೋಡಿಯಂ 10ರಿಂದ 14ರ ಆಸುಪಾಸು.

ಈ ವ್ಯತ್ಯಾಸ ಸುಮ್ನೆ ಉಳಿಯುವುದಿಲ್ಲ. ಜೀವಕೋಶದ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪ್ ಹಗಲೂ ರಾತ್ರಿ ದುಡಿಯುತ್ತದೆ. ಪ್ರತಿ ಸಲ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದಕ್ಕೆ ಬೇಕಾದ ಶಕ್ತಿ ಎಟಿಪಿ ಎಂಬ ಅಣುವಿನಿಂದ ಬರುತ್ತದೆ. ಆಮ್ಲಜನಕ ಇದ್ದರೆ ಒಂದು ಗ್ಲೂಕೋಸ್ ಅಣುವಿನಿಂದ 30ಕ್ಕೂ ಹೆಚ್ಚು ಎಟಿಪಿ ಸಿಗುತ್ತದೆ. ಆಮ್ಲಜನಕ ಇಲ್ಲದಿದ್ದರೆ ಬರೀ 2. ಕ್ಯಾಲ್ಸಿಯಂ ಕೂಡ ಇದೇ ತರಹ. ಜೀವಕೋಶದ ಒಳಗೆ ಅದು ಹೊರಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಇರುತ್ತದೆ, ಹಾಗೇ ಇರಬೇಕು.

ಈ ಅಂಕಿಗಳು ಗೊತ್ತಿದ್ದರೆ ವಾರ್ಡಿನಲ್ಲಿ ತಕ್ಷಣ ಉಪಯೋಗಕ್ಕೆ ಬರುತ್ತವೆ. ಸಣ್ಣ ಸೂಜಿಯಲ್ಲಿ ಸಿರಿಂಜನ್ನು ಜೋರಾಗಿ ಎಳೆದು ರಕ್ತ ತೆಗೆದರೆ, ಅಥವಾ ಟ್ಯೂಬಿಗೆ ಒತ್ತಿ ತುಂಬಿದರೆ, ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳ ಒಳಗಿನ ಪೊಟ್ಯಾಸಿಯಂ ಸೀರಮ್‌ಗೆ ಸೋರುತ್ತದೆ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ 6.5 ಎಂದು ಬರುತ್ತದೆ, ರೋಗಿ ಆರಾಮಾಗಿ ಮಾತಾಡುತ್ತಾ ಕೂತಿರುತ್ತಾರೆ. ಹಾಗೆಂದು ಸ್ಯಾಂಪಲ್ಲಿನದೇ ತಪ್ಪು ಎಂದು ನೀವೇ ತೀರ್ಮಾನಿಸಬೇಡಿ. ವೈದ್ಯರಿಗೆ ತಿಳಿಸಿ, ಇಸಿಜಿ ಮಾಡಿ, ಲ್ಯಾಬ್‌ನಲ್ಲಿ ಸ್ಯಾಂಪಲ್ ಹೀಮೊಲೈಸ್ ಆಗಿತ್ತಾ ಎಂದು ಕೇಳಿ, ಸರಿಯಾಗಿ ಮತ್ತೆ ತೆಗೆದು ಕಳಿಸಿ.

ಹೆಜ್ಜೆ 3: ಒಂದೇ ಒಂದು ಜೀವಕೋಶವನ್ನು ಕೊನೆಯವರೆಗೂ ಹಿಂಬಾಲಿಸಿ

ಜೀವಕೋಶಕ್ಕೆ ಪೆಟ್ಟು ಬೀಳಲು ಕಾರಣ ಹಲವು. ಆಮ್ಲಜನಕದ ಕೊರತೆ, ಸುಟ್ಟ ಗಾಯ, ವಿಷ, ಔಷಧಿ, ಸೋಂಕು, ತನ್ನದೇ ರೋಗನಿರೋಧಕ ವ್ಯವಸ್ಥೆಯ ದಾಳಿ, ವಂಶವಾಹಿಯ ದೋಷ, ಪೌಷ್ಟಿಕಾಂಶದ ಕೊರತೆ. ಎಲ್ಲವನ್ನೂ ಒಟ್ಟಿಗೆ ಓದಲು ಹೋಗಬೇಡಿ. ಒಂದನ್ನು ಪೂರ್ತಿ ಅರ್ಥ ಮಾಡಿಕೊಂಡರೆ ಉಳಿದವು ಅದಕ್ಕೆ ಹೋಲಿಸಿ ಬೇಗ ತಲೆಗೆ ಹತ್ತುತ್ತವೆ. ನಾನು ಯಾವಾಗಲೂ ಆರಿಸುವುದು ಹೃದಯಾಘಾತವನ್ನು.

ಕರೋನರಿ ರಕ್ತನಾಳದಲ್ಲಿ ಹೆಪ್ಪು ಕೂತು ರಕ್ತ ನಿಂತಿತು ಎಂದುಕೊಳ್ಳಿ. ಅದರ ಕೆಳಗಿರುವ ಹೃದಯ ಸ್ನಾಯುವಿನ ಒಂದು ಜೀವಕೋಶವನ್ನು ನೋಡೋಣ.

ಮೊದಲ ಒಂದೆರಡು ನಿಮಿಷದಲ್ಲೇ ಅದು ಸರಿಯಾಗಿ ಸಂಕುಚಿಸುವುದನ್ನು ನಿಲ್ಲಿಸುತ್ತದೆ. ಸತ್ತಿಲ್ಲ, ಕೆಲಸ ನಿಲ್ಲಿಸಿದೆ ಅಷ್ಟೇ. ಮೈಟೊಕಾಂಡ್ರಿಯಾಕ್ಕೆ ಆಮ್ಲಜನಕ ಸಿಗದೆ ಎಟಿಪಿ ಇಳಿಯತೊಡಗುತ್ತದೆ. ಸುಮಾರು 10 ನಿಮಿಷಕ್ಕೆ ಎಟಿಪಿ ಅರ್ಧಕ್ಕೆ ಬರುತ್ತದೆ.

ಜೀವಕೋಶ ಬದುಕಲು ಆಮ್ಲಜನಕವಿಲ್ಲದ ದಾರಿ ಹಿಡಿಯುತ್ತದೆ. ಕೂಡಿಟ್ಟ ಗ್ಲೈಕೋಜನ್ ಕರಗಿಸುತ್ತದೆ. ಲ್ಯಾಕ್ಟಿಕ್ ಆ್ಯಸಿಡ್ ಸೇರಿಕೊಂಡು ಒಳಗಿನ ಪಿಎಚ್ ಇಳಿಯುತ್ತದೆ. ಲ್ಯಾಕ್ಟಿಕ್ ಆ್ಯಸಿಡ್, ಅಡಿನೋಸಿನ್ ತರಹದ ವಸ್ತುಗಳು ನರಗಳ ತುದಿಯನ್ನು ಕೆಣಕುತ್ತವೆ. ರೋಗಿ ಎದೆ ಹಿಡಿದುಕೊಳ್ಳುವುದು ಇದಕ್ಕೇ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಆ ನರಗಳೇ ಹಾಳಾಗಿರಬಹುದು. ಅವರಿಗೆ ನೋವೇ ಬರದೆ ಬರೀ ಸುಸ್ತು, ಬೆವರು, ಉಸಿರಾಟದ ತೊಂದರೆ ಇರಬಹುದು. "ಎದೆನೋವು ಇಲ್ಲ" ಎಂದ ಮಾತ್ರಕ್ಕೆ ಅವರನ್ನು ಬೆಂಚಿನ ಮೇಲೆ ಕಾಯಿಸಬೇಡಿ.

ಎಟಿಪಿ ಇಳಿದಾಗ ಪಂಪ್ ಸೋಲುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ. ಜೀವಕೋಶ ಊದಿಕೊಳ್ಳುತ್ತದೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹೃದಯದ ವಿದ್ಯುತ್ ಸಂಕೇತಗಳು ಹದ ತಪ್ಪುತ್ತವೆ. ಇಸಿಜಿ ಬದಲಾಗುವುದು, ಲಯ ತಪ್ಪಿ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ (ಹೃದಯ ರಕ್ತ ತಳ್ಳದೆ ಬರೀ ನಡುಗುವುದು) ಆಗಿಬಿಡುವುದು ಇಲ್ಲಿಂದ. ರೈಬೋಸೋಮ್‌ಗಳು ಕಳಚಿಕೊಳ್ಳುತ್ತವೆ, ಪ್ರೋಟೀನ್ ತಯಾರಿ ಕುಂಠಿತವಾಗುತ್ತದೆ.

ಇಲ್ಲಿಯವರೆಗೆ ಆದದ್ದೆಲ್ಲ ಸರಿಹೋಗಬಲ್ಲದ್ದು. ರಕ್ತ ಮತ್ತೆ ಹರಿದರೆ ಊತ ಇಳಿದು ಜೀವಕೋಶ ಚೇತರಿಸಿಕೊಳ್ಳುತ್ತದೆ.

ಸುಮಾರು 20ರಿಂದ 40 ನಿಮಿಷ ಕಳೆದ ಮೇಲೆ ಗೆರೆ ದಾಟುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿ, ಸುಮ್ಮನಿದ್ದ ಎಂಜೈಮ್‌ಗಳನ್ನು ಎಬ್ಬಿಸುತ್ತದೆ. ಒಂದು ಪೊರೆಯನ್ನು ಕರಗಿಸುತ್ತದೆ, ಇನ್ನೊಂದು ಪ್ರೋಟೀನನ್ನು ಕತ್ತರಿಸುತ್ತದೆ, ಮತ್ತೊಂದು ಡಿಎನ್‌ಎಯನ್ನು ತುಂಡು ಮಾಡುತ್ತದೆ. ಮೈಟೊಕಾಂಡ್ರಿಯಾ ಮತ್ತೆ ಕೆಲಸ ಶುರುಮಾಡಲಾಗದಷ್ಟು ಹಾಳಾಗುತ್ತದೆ. ಹೊರಪೊರೆ ಹರಿಯುತ್ತದೆ. ಈ ಎರಡು ನೆನಪಿರಲಿ: ಮೈಟೊಕಾಂಡ್ರಿಯಾ ಪೂರ್ತಿ ಹಾಳಾಗುವುದು, ಪೊರೆ ಹರಿಯುವುದು. ಇವಾದರೆ ಜೀವಕೋಶ ಹಿಂದಿರುಗಿ ಬರುವುದಿಲ್ಲ. ಪರೀಕ್ಷೆಯಲ್ಲಿ ರಿವರ್ಸಿಬಲ್, ಇರ್‌ರಿವರ್ಸಿಬಲ್ ವ್ಯತ್ಯಾಸ ಕೇಳಿದರೆ ಉತ್ತರದ ತಿರುಳು ಇದು.

ಪೊರೆ ಹರಿದಾಗ ಒಳಗಿದ್ದದ್ದು ರಕ್ತಕ್ಕೆ ಬೀಳುತ್ತದೆ. ಹೃದಯ ಸ್ನಾಯುವಿನ ಪ್ರೋಟೀನ್ ಆದ ಟ್ರೋಪೋನಿನ್‌ನ ಪರೀಕ್ಷೆ ಹಿಡಿಯುವುದು ಅದನ್ನೇ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಏರಿರುವುದು ಕಾಣಲು ಮೂರ್ನಾಲ್ಕು ಗಂಟೆ ಬೇಕು. ಆದ್ದರಿಂದ ನೋವು ಶುರುವಾದ ಒಂದು ಗಂಟೆಗೆ ಬಂದವರಲ್ಲಿ ಮೊದಲ ಟ್ರೋಪೋನಿನ್ ಸರಿಯಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಮತ್ತೆ ಮಾಡಬೇಕು. ಆದರೆ ಇಸಿಜಿಗೆ ಕಾಯುವ ಹಾಗಿಲ್ಲ. ರೋಗಿ ಬಂದ 10 ನಿಮಿಷದೊಳಗೆ ಆಗಬೇಕು. ಲಿವರ್ ಜೀವಕೋಶ ಒಡೆದರೆ ಎಎಲ್‌ಟಿ, ಎಎಸ್‌ಟಿ ಎಂಬ ಎಂಜೈಮ್‌ಗಳು ಏರುವುದೂ, ಪ್ಯಾಂಕ್ರಿಯಾಸ್‌ಗೆ ಪೆಟ್ಟಾದರೆ ಲೈಪೇಸ್ ಏರುವುದೂ, ಸ್ನಾಯು ಜಜ್ಜಿಹೋದರೆ ಅದರ ಎಂಜೈಮ್ ಆದ ಸಿಕೆ ಏರಿ ಮೂತ್ರ ಕಂದುಬಣ್ಣಕ್ಕೆ ತಿರುಗುವುದೂ ಇದೇ ತತ್ವ.

ಹೆಜ್ಜೆ 4: ಅಂಗಾಂಗಕ್ಕೆ ಒಂದೊಂದು ಗಡಿಯಾರ ಇದೆ ಎಂದು ತಿಳಿಯಿರಿ

ರಕ್ತ ನಿಂತರೆ ಎಲ್ಲ ಜೀವಕೋಶಗಳೂ ಒಂದೇ ವೇಗದಲ್ಲಿ ಸಾಯುವುದಿಲ್ಲ. ಮೆದುಳಿನ ನರಕೋಶಕ್ಕೆ 3ರಿಂದ 5 ನಿಮಿಷವೇ ಜಾಸ್ತಿ. ಹೃದಯದ ಸ್ನಾಯುವಿಗೆ ಅರ್ಧ ಗಂಟೆ ಹತ್ತಿರ. ಕೈಕಾಲಿನ ಸ್ನಾಯು ಕೆಲವು ಗಂಟೆ ತಡೆಯುತ್ತದೆ. ಹೃದಯ ನಿಂತಾಗ ಸಿಪಿಆರ್ ಅನ್ನು ಆ ಕ್ಷಣವೇ ಶುರುಮಾಡಬೇಕು ಎನ್ನುವುದು ಮೆದುಳಿನ ಈ ಗಡಿಯಾರದಿಂದ.

ಹೃದಯದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ರಕ್ತನಾಳ ಮುಚ್ಚಿದ ಜಾಗದಲ್ಲಿ ಎಲ್ಲ ಜೀವಕೋಶಗಳೂ ಒಟ್ಟಿಗೆ ಸಾಯುವುದಿಲ್ಲ. ಸಾವು ಒಳಪದರದಿಂದ ಶುರುವಾಗಿ ಗಂಟೆಗಟ್ಟಲೆ ಹೊರಕ್ಕೆ ಹಬ್ಬುತ್ತದೆ. ಬೇಗ ರಕ್ತ ಹರಿಸಿದಷ್ಟೂ ಸ್ನಾಯು ಉಳಿಯುತ್ತದೆ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ನಿಂತಿರುವುದು ಈ ಲೆಕ್ಕದ ಮೇಲೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ನೋಡುತ್ತಾರೆ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಜಿಲ್ಲಾ ಕೇಂದ್ರಕ್ಕೆ ಹೋಗುವ ದಾರಿಯಲ್ಲೇ ಎಷ್ಟು ಸ್ನಾಯು ಸಾಯುತ್ತದೆ ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ನರ್ಸ್‌ಗೆ ಈ ಪಾಠ ಬರೀ ಪಾಠವಲ್ಲ.

ರಕ್ತ ಮರಳಿ ಬಂದಾಗಲೂ ಅಪಾಯ ಇದೆ. ಒಮ್ಮೆಗೇ ನುಗ್ಗಿದ ಆಮ್ಲಜನಕದಿಂದ ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ, ಕ್ಯಾಲ್ಸಿಯಂ ಮತ್ತಷ್ಟು ಒಳಬರುತ್ತದೆ. ಇದು ರೀಪರ್‌ಫ್ಯೂಷನ್ ಇಂಜುರಿ. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಕಡಿಮೆಯಾಯಿತು ಎಂದು ಮಾನಿಟರ್ ತೆಗೆಯಬೇಡಿ. ಲಯ ತಪ್ಪುವುದು ಆ ಹೊತ್ತಿನಲ್ಲೂ ಸಾಮಾನ್ಯ.

ಹೆಜ್ಜೆ 5: ಸತ್ತ ರೀತಿಯನ್ನು ನೋಡಿ ಕಾರಣ ಊಹಿಸಿ

ಜೀವಕೋಶ ಸಾಯುವ ದಾರಿಗಳಲ್ಲಿ ಮುಖ್ಯವಾದವು ಎರಡು. ನೆಕ್ರೋಸಿಸ್‌ನಲ್ಲಿ ಜೀವಕೋಶ ಊದಿ, ಒಡೆದು, ಒಳಗಿನದ್ದೆಲ್ಲ ಹೊರಚೆಲ್ಲುತ್ತದೆ. ಸುತ್ತಲಿನ ಅಂಗಾಂಶ ಇದಕ್ಕೆ ಉರಿಯೂತದಿಂದ ಉತ್ತರ ಕೊಡುತ್ತದೆ. ಅಪಾಪ್ಟೋಸಿಸ್‌ನಲ್ಲಿ ಜೀವಕೋಶ ತನ್ನದೇ ಎಂಜೈಮ್‌ಗಳಿಂದ ಕ್ರಮವಾಗಿ ಕುಗ್ಗಿ ಚೂರಾಗುತ್ತದೆ. ಪ್ರತಿ ಚೂರಿಗೂ ಪೊರೆ ಇರುತ್ತದೆ, ಏನೂ ಸೋರುವುದಿಲ್ಲ, ಉರಿಯೂತವೂ ಇಲ್ಲ. ಗರ್ಭದಲ್ಲಿ ಮಗುವಿನ ಬೆರಳುಗಳು ಬೇರೆ ಬೇರೆಯಾಗುವುದು ಅವುಗಳ ನಡುವಿನ ಜೀವಕೋಶಗಳು ಹೀಗೆ ಮರೆಯಾಗುವುದರಿಂದ. ಅಪಾಪ್ಟೋಸಿಸ್ ಎಂಬ ಹೆಸರು ಬಂದದ್ದು 1972ರಲ್ಲಿ.

ನೆಕ್ರೋಸಿಸ್ ಉರಿಯೂತ ತರುತ್ತದೆ ಎನ್ನುವುದನ್ನು ವಾರ್ಡಿಗೆ ತನ್ನಿ. ಹೃದಯಾಘಾತವಾದ ಒಂದೆರಡು ದಿನದಲ್ಲಿ ರೋಗಿಗೆ ಸಣ್ಣ ಜ್ವರ ಬರಬಹುದು, ಬಿಳಿರಕ್ತಕಣ ಏರಬಹುದು. ಸತ್ತ ಸ್ನಾಯುವನ್ನು ತೆರವು ಮಾಡಲು ನ್ಯೂಟ್ರೋಫಿಲ್‌ಗಳು ಬಂದಿವೆ, ಅಷ್ಟೇ ಕಾರಣವಿರಬಹುದು. ಆದರೂ ಕ್ಯಾನುಲಾ ಜಾಗ, ಎದೆ, ಮೂತ್ರ ನೋಡಿ ಸೋಂಕು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಮೂರರಿಂದ ಏಳನೇ ದಿನದವರೆಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಸತ್ತದ್ದನ್ನು ತಿನ್ನುತ್ತಿರುತ್ತವೆ, ಕಲೆ ಇನ್ನೂ ಕಟ್ಟಿರುವುದಿಲ್ಲ. ಹೃದಯದ ಗೋಡೆ ಆಗ ಬಲು ಮೆತ್ತಗೆ. ಮಲಬದ್ಧತೆಯಾಗಿ ರೋಗಿ ತಿಣುಕದಂತೆ ನೋಡಿಕೊಳ್ಳುವುದು, ಓಡಾಟವನ್ನು ಹಂತಹಂತವಾಗಿ ಹೆಚ್ಚಿಸುವುದು ಸಣ್ಣ ವಿಷಯ ಅಲ್ಲ. ಗಟ್ಟಿ ಕಲೆ ಪೂರ್ತಿಯಾಗಲು ಸುಮಾರು ಎರಡು ತಿಂಗಳು ಬೇಕು.

ನೆಕ್ರೋಸಿಸ್‌ನ ಬಗೆಗಳನ್ನು ಜಾಗದ ಜೊತೆ ಸೇರಿಸಿ ಓದಿ. ಹೃದಯ, ಕಿಡ್ನಿಯಲ್ಲಿ ರಕ್ತ ನಿಂತರೆ ಕೊಯಾಗ್ಯುಲೇಟಿವ್, ಕೆಲವು ದಿನ ಅಂಗಾಂಶದ ಆಕಾರ ಹಾಗೇ ಉಳಿಯುತ್ತದೆ. ಮೆದುಳಿನಲ್ಲಿ ಮತ್ತು ಕೀವುಗಡ್ಡೆಯಲ್ಲಿ ಲಿಕ್ವಿಫ್ಯಾಕ್ಟಿವ್, ಕರಗಿ ನೀರಾಗುತ್ತದೆ. ಕ್ಷಯದಲ್ಲಿ ಕೇಸಿಯಸ್, ಶ್ವಾಸಕೋಶದ ಆ ಭಾಗ ಗಿಣ್ಣಿನಂತೆ ಮೆತ್ತಗೆ, ಬಿಳಿ-ಹಳದಿಯಾಗಿ ಪುಡಿಯಾಗುತ್ತದೆ. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಕೊಬ್ಬಿನ ನೆಕ್ರೋಸಿಸ್. ಕರಗಿದ ಕೊಬ್ಬಿನ ಆಮ್ಲಗಳು ಕ್ಯಾಲ್ಸಿಯಂ ಹಿಡಿದುಕೊಳ್ಳುವುದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಹುದು. ಬಿಪಿ ಕಫ್ ಬಿಗಿದಾಗ ಕೈ ಸೆಟೆದುಕೊಂಡರೆ ತಕ್ಷಣ ತಿಳಿಸಿ. ಫೈಬ್ರಿನಾಯ್ಡ್ ರಕ್ತನಾಳದ ಗೋಡೆಯಲ್ಲಿ ಆಗುತ್ತದೆ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತದೆ.

ಗ್ಯಾಂಗ್ರೀನ್ ಮಾತ್ರ ನಿಮ್ಮ ಕಣ್ಣಿಗೇ ಬೀಳುತ್ತದೆ. ಒಣ ಗ್ಯಾಂಗ್ರೀನ್ ಕಪ್ಪಾಗಿ ಸುಕ್ಕಾಗಿ, ಗಡಿ ಸ್ಪಷ್ಟವಾಗಿ ಇರುತ್ತದೆ. ಹಸಿ ಗ್ಯಾಂಗ್ರೀನ್‌ನಲ್ಲಿ ಸೋಂಕು ಸೇರಿರುತ್ತದೆ. ಊತ, ದುರ್ನಾತ, ಅಸ್ಪಷ್ಟ ಗಡಿ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಇದು ಬೇಗ ಮೇಲಕ್ಕೆ ಏರಿ ರಕ್ತಕ್ಕೆ ಸೋಂಕು ಹಬ್ಬಿಸಬಹುದು. ಗಾಯದ ಸುತ್ತ ಒತ್ತಿದಾಗ ಚರಚರ ಎಂದರೆ ಗಾಳಿ ತುಂಬಿದೆ ಎಂದರ್ಥ. ಗ್ಯಾಸ್ ಗ್ಯಾಂಗ್ರೀನ್ ಇರಬಹುದು, ಡ್ರೆಸ್ಸಿಂಗ್ ಮುಗಿಸಿ ಹೇಳೋಣ ಅನ್ನಬೇಡಿ.

ಹೆಜ್ಜೆ 6: ಹೊಂದಿಕೊಂಡ ಜೀವಕೋಶವನ್ನು ಗುರುತಿಸಿ

ಪುಸ್ತಕಗಳಲ್ಲಿ ಅಡಾಪ್ಟೇಷನ್ ಮೊದಲು ಬರುತ್ತದೆ. ನಾನು ಬೇಕೆಂದೇ ಹಿಂದಕ್ಕೆ ಇಟ್ಟಿದ್ದೇನೆ. ಪೆಟ್ಟು ಏನೆಂದು ಗೊತ್ತಾದ ಮೇಲೆ, ನಿಧಾನವಾಗಿ ಬರುವ ಒತ್ತಡಕ್ಕೆ ಜೀವಕೋಶ ಹೇಗೆ ಬಗ್ಗುತ್ತದೆ ಎನ್ನುವುದು ಸುಲಭ.

ಬಿಪಿ ಜಾಸ್ತಿ ಇರುವವರ ಎಡ ವೆಂಟ್ರಿಕಲ್ ದಪ್ಪವಾಗುವುದು ಹೈಪರ್‌ಟ್ರೋಫಿ, ಜೀವಕೋಶಗಳು ದೊಡ್ಡದಾಗಿವೆ. ವಯಸ್ಸಾದವರ ಪ್ರಾಸ್ಟೇಟ್ ಬೆಳೆಯುವುದು ಹೈಪರ್‌ಪ್ಲೇಸಿಯಾ, ಜೀವಕೋಶಗಳ ಸಂಖ್ಯೆ ಹೆಚ್ಚಿದೆ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸಣ್ಣಗಾಗಿರುವುದು ಅಟ್ರೋಫಿ. ಬೀಡಿ, ಸಿಗರೇಟು ಸೇದುವವರ ಶ್ವಾಸನಾಳದಲ್ಲಿ ಸಿಲಿಯಾ (ಕಫ ತಳ್ಳುವ ಸೂಕ್ಷ್ಮ ರೋಮ) ಇರುವ ಜೀವಕೋಶಗಳ ಜಾಗಕ್ಕೆ ಚಪ್ಪಟೆ ಜೀವಕೋಶಗಳು ಬರುವುದು ಮೆಟಾಪ್ಲೇಸಿಯಾ. ಸಿಲಿಯಾ ಇಲ್ಲದೆ ಕಫ ಮೇಲೆ ಬರುವುದಿಲ್ಲ, ಸೋಂಕು ಪದೇ ಪದೇ ಆಗುತ್ತದೆ.

ಡಿಸ್‌ಪ್ಲೇಸಿಯಾ ಹೊಂದಾಣಿಕೆ ಅಲ್ಲ, ದಾರಿ ತಪ್ಪಿದ ಬೆಳವಣಿಗೆ. ಅದು ಕ್ಯಾನ್ಸರ್‌ಗೆ ಮುಂಚಿನ ಹಂತವಾಗಿರಬಹುದು. ಗರ್ಭಕೊರಳಿನಲ್ಲಿ ಇದನ್ನು ಪ್ಯಾಪ್ ಸ್ಮಿಯರ್ ಹಿಡಿಯುತ್ತದೆ. ಗುಟ್ಕಾ, ತಂಬಾಕು ಹಾಕಿದ ಎಲೆಅಡಿಕೆ ಅಗಿಯುವವರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಬರೆದಿಟ್ಟು ವೈದ್ಯರಿಗೆ ತೋರಿಸಿ. ಬಾಯಿ ಆರೈಕೆ ಮಾಡುವಾಗ ಅದನ್ನು ಮೊದಲು ನೋಡುವವರು ನೀವೇ ಅಲ್ವಾ?

ಹೆಜ್ಜೆ 7: ಕೇರ್ ಪ್ಲಾನ್‌ನಲ್ಲಿ ಬರೆದು ಅಭ್ಯಾಸ ಮಾಡಿ

ಬೆಡ್‌ಸೋರ್ ತೆಗೆದುಕೊಳ್ಳಿ. ಜೀವಕೋಶದ ಪೆಟ್ಟನ್ನು ನರ್ಸ್ ತನ್ನ ಕೈಯಿಂದಲೇ ತಡೆಯಬಲ್ಲ ಕೇಸ್ ಇದು. ನನಗೆ ಇದಕ್ಕಿಂತ ಮುಖ್ಯ ಉದಾಹರಣೆ ಇನ್ನೊಂದಿಲ್ಲ.

ನಾಲ್ಕು ಪ್ರಶ್ನೆಗೆ ಉತ್ತರ ಹೀಗೆ ಬರೆಯಬಹುದು. ಪಾರ್ಶ್ವವಾಯುವಿನಿಂದ ರೋಗಿ ತಾವಾಗಿ ಮಗ್ಗುಲು ಬದಲಿಸಲಾರರು. ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಅಂಗಾಂಶದ ಮೇಲೆ, ಕ್ಯಾಪಿಲ್ಲರಿಯ ಒಳಗಿನ ಸುಮಾರು 32 ಮಿ.ಮೀ. ಪಾದರಸದಷ್ಟು ಒತ್ತಡವನ್ನು ಮೀರಿದ ಭಾರ ಬೀಳುತ್ತದೆ. ರಕ್ತ ನಿಲ್ಲುತ್ತದೆ, ಎಟಿಪಿ ಇಳಿಯುತ್ತದೆ, ಜೀವಕೋಶ ಊದುತ್ತದೆ, ಸಾಯುತ್ತದೆ. ಚರ್ಮಕ್ಕಿಂತ ಸ್ನಾಯು ಬೇಗ ಸಾಯುವುದರಿಂದ, ಮೇಲೆ ಕಾಣುವ ಗಾಯಕ್ಕಿಂತ ಒಳಗಿನ ಹಾನಿ ದೊಡ್ಡದಿರಬಹುದು. ಮೊದಲು ಕಾಣಿಸುವುದು ಬೆರಳಿನಿಂದ ಒತ್ತಿದರೂ ಬಿಳಿಚಿಕೊಳ್ಳದ ಕೆಂಪು.

ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದು ಕಷ್ಟ. ಬೆನ್ನಿನ ಕೆಳಗೆ, ಹಿಮ್ಮಡಿ, ಸೊಂಟದ ಪಕ್ಕ ಮುಟ್ಟಿ ನೋಡಿ. ಅಕ್ಕಪಕ್ಕದ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ಬಣ್ಣ ಗಾಢವಾಗಿದೆಯೇ, ಮುಟ್ಟಿದರೆ ನೋವೆನ್ನುತ್ತಾರೆಯೇ ಎಂದು ಹೋಲಿಸಿ. ಆ ಜಾಗವನ್ನು ಉಜ್ಜಬೇಡಿ. ಸೋತ ಅಂಗಾಂಶ ಉಜ್ಜಿದರೆ ಇನ್ನಷ್ಟು ಹರಿಯುತ್ತದೆ. ಮಧ್ಯ ತೂತಿರುವ ರಿಂಗ್ ದಿಂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತವನ್ನೇ ತಡೆಯುತ್ತದೆ. ಮಗ್ಗುಲು ತಿರುಗಿಸುವಾಗ 30 ಡಿಗ್ರಿ ಓರೆ ಸಾಕು, ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ತಲೆಭಾಗವನ್ನೂ ಸಾಧ್ಯವಾದಷ್ಟು 30 ಡಿಗ್ರಿಯೊಳಗೆ ಇಡಿ, ಇಲ್ಲದಿದ್ದರೆ ದೇಹ ಕೆಳಗೆ ಜಾರಿ ಚರ್ಮ ಎಳೆಯುತ್ತದೆ. ಮೂಗಿನ ನಳಿಕೆಯಿಂದ ಆಹಾರ ಕೊಡುವಾಗ ಮಾತ್ರ ತಲೆಭಾಗ ಎತ್ತರಿಸಲೇಬೇಕು, ಮುಗಿದು ಸ್ವಲ್ಪ ಹೊತ್ತಾದ ಮೇಲೆ ಇಳಿಸಿ.

ಬೆಡ್‌ಸೋರ್ ಅಪಾಯ ಅಳೆಯುವ ಬ್ರೇಡನ್ ಸ್ಕೇಲ್‌ನಲ್ಲಿ ಅಂಕ 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಪಾಯವಿದೆ ಎಂದು ಲೆಕ್ಕ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ರಕ್ತದೊತ್ತಡ ಕಡಿಮೆ ಇರುವವರು, ರಕ್ತಹೀನತೆ ಇರುವವರು, ತೀರಾ ಸೊರಗಿದವರ ಅಂಗಾಂಶಕ್ಕೆ ಅಷ್ಟು ಹೊತ್ತೂ ತಡೆಯುವ ಶಕ್ತಿ ಇರದಿರಬಹುದು. ಒಂದೂವರೆ ಗಂಟೆಗೆ ಕೆಂಪು ಕಂಡರೆ ಅವಧಿಯನ್ನು ಅದಕ್ಕಿಂತ ಕಡಿಮೆಗೆ ಇಳಿಸಿ, ತಿರುಗಿಸಿದ ಸಮಯ ಮತ್ತು ಮಗ್ಗುಲನ್ನು ಚಾರ್ಟ್‌ನಲ್ಲಿ ಬರೆಯಿರಿ, ಮುಂದಿನ ಶಿಫ್ಟ್‌ನವರಿಗೆ ಆ ಜಾಗವನ್ನು ಕೈಯಿಟ್ಟು ತೋರಿಸಿ ಡ್ಯೂಟಿ ವಹಿಸಿಕೊಡಿ.